ಕಿಟ್ ಹಾಕಿದ್ಮೇಲೆ ಫುಲ್ ಥ್ರಾಟಲ್‌ನಲ್ಲಿ ಗಾಡಿ ಯಾಕೆ ಉಸಿರು ಬಿಡುತ್ತೆ?

ಪ್ರಶ್ನೆ: 50 ಸಿಸಿ ಟೂ ಸ್ಟ್ರೋಕ್ ಗೇರ್‌ಲೆಸ್ ಸ್ಕೂಟರಿಗೆ 70 ಸಿಸಿ ಸಿಲಿಂಡರ್ ಕಿಟ್, ದೊಡ್ಡ ಕಾರ್ಬೊರೇಟರ್, ರೇಸಿಂಗ್ ಸೈಲೆನ್ಸರ್ ಎಲ್ಲಾ ಹಾಕಿದೀನಿ. ಅರ್ಧ ಥ್ರಾಟಲ್ ತನಕ ಪರ್ವಾಗಿಲ್ಲ, ಪೂರ್ತಿ ತಿರುಗಿಸಿದ್ರೆ ಗೊರ್ ಅಂತ ಸತ್ತ ಹಾಗಾಗುತ್ತೆ, ಸ್ಪೀಡ್ ಏರೋದೇ ಇಲ್ಲ. ಮೇನ್ ಜೆಟ್ ನಾಲ್ಕು ಸಲ ಬದಲಾಯಿಸಿದೆ, ಏನೂ ವ್ಯತ್ಯಾಸ ಕಾಣ್ಲಿಲ್ಲ. ಯಾವ ನಂಬರ್ ಜೆಟ್ ಹಾಕ್ಲಿ?

ಉತ್ತರ: ನಂಬರ್ ಹೇಳಲ್ಲ, ಬೇಜಾರಾಗ್ಬೇಡಿ. ಅದೇ ಕಿಟ್ಟು ಅದೇ ಕಾರ್ಬೊರೇಟರ್ ಇರೋ ಎರಡು ಗಾಡಿ ತಗೊಂಡ್ರೂ ಏರ್ ಫಿಲ್ಟರ್ ಬೇರೆ ಆದ್ರೆ ಸಾಕು, ಜೆಟ್ (ಕಾರ್ಬೊರೇಟರಲ್ಲಿ ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಿನ ತುಂಡು) ಬೇರೆ ಕೇಳುತ್ತೆ. ಆದ್ರೆ ನಿಮ್ಮ ಪ್ರಶ್ನೆ ಒಳಗೇ ಅರ್ಧ ಉತ್ತರ ಇದೆ ನೋಡಿ. ನಾಲ್ಕು ಜೆಟ್ ಹಾಕಿ ನೋಡಿದ್ರೂ ಏನೂ ಬದಲಾಗ್ಲಿಲ್ಲ ಅಂದ್ರಲ್ಲ? ತಪ್ಪು ಜೆಟ್‌ದೇ ಆಗಿದ್ದಿದ್ರೆ ಒಂದರಲ್ಲಿ ಸ್ವಲ್ಪ ಚೆನ್ನಾಗಿ ಇನ್ನೊಂದರಲ್ಲಿ ಸ್ವಲ್ಪ ಕೆಟ್ಟದಾಗಿ ಆದ್ರೂ ಓಡ್ಬೇಕಿತ್ತು, ಯಾಕಂದ್ರೆ ಜೆಟ್ ಅಂದ್ರೆ ಸಣ್ಣ ವಿಷಯ ಅಲ್ಲ. ಡೆಲ್ಲೋರ್ಟೊ ಕಂಪನಿ ಜೆಟ್ ಮೇಲೆ 80 ಅಂತ ಇದ್ರೆ ತೂತು 0.80 ಮಿಲಿಮೀಟರ್ ಅಂತ ಅರ್ಥ, 90 ಅಂದ್ರೆ 0.90. ಹತ್ತು ನಂಬರ್ ತಾನೇ ಅನ್ಸುತ್ತೆ, ಆದ್ರೆ ತೂತಿನ ವಿಸ್ತೀರ್ಣ ಲೆಕ್ಕ ಹಾಕಿದ್ರೆ ಸುಮಾರು 27 ಪರ್ಸೆಂಟ್ ಜಾಸ್ತಿ. ಅಷ್ಟು ಪೆಟ್ರೋಲ್ ಹೆಚ್ಚುಕಮ್ಮಿ ಆದ್ರೂ ಇಂಜಿನ್ನಿಗೆ ಗೊತ್ತೇ ಆಗಿಲ್ಲ ಅಂದ್ರೆ ಸಮಸ್ಯೆ ಬಹುಶಃ ಕಾರ್ಬೊರೇಟರ್‌ನಲ್ಲೇ ಇಲ್ಲ.

ನಂಗೆ ಮೊದಲ ಅನುಮಾನ ಬರೋದು ವೇರಿಯೇಟರ್ ಮೇಲೆ, ಅಂದ್ರೆ ಗೇರ್‌ಲೆಸ್ ಗಾಡಿಲಿ ಬೆಲ್ಟ್ ಮೂಲಕ ತಾನಾಗೇ ಗೇರ್ ಬದಲಾಯಿಸೋ ಭಾಗದ ಮೇಲೆ. ಇದು ಕೇಳಿದ ತಕ್ಷಣ ಎಲ್ರೂ ಮುಖ ನೋಡ್ತಾರೆ, ಇಂಜಿನ್ ಸಾಯ್ತಿದೆ ಅಂದ್ರೆ ಇವ್ನು ಬೆಲ್ಟ್ ಕಡೆ ಹೋಗ್ತಾನಲ್ಲ ಅಂತ. ವಿಷಯ ಏನಂದ್ರೆ, ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಬರೀ ಸದ್ದು ಕಮ್ಮಿ ಮಾಡೋ ಡಬ್ಬ ಅಲ್ಲ. ಆ ಹೊಟ್ಟೆ ಉಬ್ಬಿದ ಪೈಪ್ ಇದ್ಯಲ್ಲ, ಅದರ ಅಗಲ ಆಗ್ತಾ ಹೋಗೋ ಭಾಗ ಸಿಲಿಂಡರಿನಿಂದ ಹೊಗೆ ಎಳ್ಕೊಳ್ಳೋಕೆ ಸಹಾಯ ಮಾಡುತ್ತೆ, ಜೊತೆಗೆ ಒಂದಿಷ್ಟು ಹೊಸ ಪೆಟ್ರೋಲ್ ಗಾಳಿನೂ ಹೊರಗೆ ಬಂದ್ಬಿಡುತ್ತೆ, ಆಮೇಲೆ ಕಿರಿದಾಗೋ ಭಾಗಕ್ಕೆ ಹೊಡೆದು ವಾಪಸ್ ಬರೋ ಒತ್ತಡದ ಅಲೆ ಅದನ್ನ ಎಕ್ಸಾಸ್ಟ್ ಪೋರ್ಟ್ ಮುಚ್ಚೋಕೆ ಮುಂಚೆ ಒಳಗೆ ತಳ್ಳುತ್ತೆ. ಈ ತಳ್ಳಾಟ ಸರಿಯಾದ ಟೈಮಿಗೆ ಆಗೋದು ಕೆಲವೇ ಆರ್‌ಪಿಎಂ ಒಳಗೆ ಮಾತ್ರ. ಸ್ಟಾಕ್ ಸೈಲೆನ್ಸರ್ ಸುಮಾರು 6500-7000ಕ್ಕೆ ಎಳೀತಿದ್ರೆ ರೇಸಿಂಗ್ ಪೈಪ್ 9000 ಆಸುಪಾಸಲ್ಲಿ ಎದ್ದೇಳುತ್ತೆ, ಅದಕ್ಕಿಂತ ಕೆಳಗೆ ಸ್ಟಾಕ್‌ಗಿಂತಲೂ ಕಡೆ. ಈಗ ವೇರಿಯೇಟರಲ್ಲಿ ಹಳೇ ರೋಲರ್‌ಗಳೇ ಇದಾವೆ ಅನ್ಕೊಳ್ಳಿ. ಅವು ಸ್ಟಾಕ್ ಇಂಜಿನ್ನಿಗೆ ತೂಕ ಲೆಕ್ಕ ಹಾಕಿ ಕೊಟ್ಟಿರೋವು, 6500 ಬಂದ ಕೂಡ್ಲೆ ಹೊರಗೆ ಜಾರಿ ಬೆಲ್ಟನ್ನ ಮೇಲಿನ ಗೇರಿಗೆ ತಳ್ಬಿಡ್ತಾವೆ. ಇಂಜಿನ್ 9000 ನೋಡೋದೇ ಇಲ್ಲ. ಐದನೇ ಗೇರಲ್ಲಿ ಘಟ್ಟ ಹತ್ತಿಸಿದ ಹಾಗೆ ಆಗುತ್ತೆ, ಫುಲ್ ಥ್ರಾಟಲ್ ಕೊಟ್ರೆ ದೊಡ್ಡ ಕಾರ್ಬೊರೇಟರ್‌ನಲ್ಲಿ ಗಾಳಿಯ ವೇಗನೇ ಇರಲ್ಲ, ಗೊರ್ ಅನ್ನುತ್ತೆ. ನೀವು ಅದನ್ನ ಜೆಟ್ ಅನ್ಕೋತೀರ.

ಪರೀಕ್ಷೆ ಮಾಡೋದು ಸುಲಭ. ಪ್ಲಗ್ ವಯರಿಗೆ ಸುತ್ತೋ ಆರ್‌ಪಿಎಂ ಮೀಟರ್ ಒಂದು ತಗೊಳ್ಳಿ, ನಿಜ ಹೇಳ್ತೀನಿ ಜೆಟ್ ಸೆಟ್‌ಗಿಂತ ಮುಂಚೆ ಕೊಳ್ಳಬೇಕಾದ್ದು ಅದು. ಸೆಂಟರ್ ಸ್ಟ್ಯಾಂಡ್ ಹಾಕಿ ರೇಸ್ ಮಾಡಿ ನೋಡೋದು ಬೇಡ, ಲೋಡ್ ಇಲ್ಲದೆ ಕಾಣೋ ನಂಬರ್ ಸುಳ್ಳು, ಇಂಜಿನ್ನಿಗೂ ಒಳ್ಳೇದಲ್ಲ. ಖಾಲಿ ಜಾಗದಲ್ಲಿ ನಿಂತ ಕಡೆಯಿಂದ ಫುಲ್ ಥ್ರಾಟಲ್ ಕೊಟ್ಟು, ವೇಗ ಏರೋವಾಗ ಆರ್‌ಪಿಎಂ ಎಲ್ಲಿ ನಿಲ್ಲುತ್ತೆ ನೋಡಿ. ಪೈಪ್ ಕೇಳೋದಕ್ಕಿಂತ ತುಂಬಾ ಕೆಳಗೆ ನಿಂತಿದ್ರೆ ರೋಲರ್ ಭಾರ ಆಯ್ತು, ತಲಾ ಅರ್ಧರ್ಧ ಗ್ರಾಂ ಕಮ್ಮಿ ಮಾಡ್ಕೊಂಡು ಹೋಗಿ. ರೋಲರ್ ಹಗುರ ಮಾಡಿದ್ರೆ ಆರ್‌ಪಿಎಂ ಏರುತ್ತೆ. ತೀರಾ ಹಗುರ ಮಾಡಿದ್ರೆ ಬರೀ ಕಿರುಚುತ್ತೆ, ಮುಂದೆ ಹೋಗಲ್ಲ. ಬೆಲ್ಟಿನ ಹಿಂದಿನ ಪುಲ್ಲಿಯ ದೊಡ್ಡ ಸ್ಪ್ರಿಂಗ್ ಗಟ್ಟಿ ಹಾಕಿದ್ರೂ ಆರ್‌ಪಿಎಂ ಏರುತ್ತೆ, ಆದ್ರೆ ಬೆಲ್ಟ್ ಬಿಸಿ ಆಗುತ್ತೆ, ಹಂಗಾಗಿ ಮೊದಲು ರೋಲರ್ ಮುಗಿಸಿ.

ಮೀಟರಲ್ಲಿ ಇನ್ನೊಂದು ವಿಷಯಾನೂ ಸಿಗುತ್ತೆ. ಪ್ರತಿ ಸಲ ಅದೇ ನಂಬರಿಗೆ ಬಂದು ಗೋಡೆಗೆ ಹೊಡೆದ ಹಾಗೆ ಪಟ್ ಪಟ್ ಅಂತ ಕಡೀತಿದ್ರೆ ಅದು ಸಿಡಿಐ (ಪ್ಲಗ್ಗಿಗೆ ಕಿಡಿ ಕೊಡೋ ಎಲೆಕ್ಟ್ರಾನಿಕ್ ಡಬ್ಬ) ಒಳಗಿನ ಆರ್‌ಪಿಎಂ ಲಿಮಿಟರ್, ಯಾವ ಜೆಟ್ಟಿಗೂ ಬಗ್ಗಲ್ಲ. ಶುರುನಲ್ಲಿ ಚೆನ್ನಾಗಿ ಎಳೆದು ಹತ್ತು ಹದಿನೈದು ಸೆಕೆಂಡ್ ಆದ್ಮೇಲೆ ಸತ್ತು, ಥ್ರಾಟಲ್ ಬಿಟ್ರೆ ಮತ್ತೆ ಜೀವ ಬಂದ್ರೆ ಪೆಟ್ರೋಲ್ ಸಾಲ್ತಿಲ್ಲ, ಕಾರ್ಬೊರೇಟರ್ ಕೆಳಗೆ ಪೆಟ್ರೋಲ್ ನಿಲ್ಲೋ ಫ್ಲೋಟ್ ಬೌಲ್ ಖಾಲಿ ಆಗ್ತಿದೆ. ಟ್ಯಾಂಕ್ ಕಾಕ್, ಸೂಜಿ ವಾಲ್ವ್, ಎಲ್ಲೋ ಮಡಚಿಕೊಂಡಿರೋ ಪೈಪ್ ನೋಡಿ.

ಇದೆಲ್ಲಾ ಸರಿ ಇದೆ ಅಂದ್ರೆ ಏರ್ ಲೀಕ್. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಗಾಳಿ ನೇರ ಸಿಲಿಂಡರಿಗೆ ಹೋಗಲ್ಲ, ಮೊದಲು ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಹೋಗಿ ಅಲ್ಲಿಂದ ಮೇಲೆ ಬರುತ್ತೆ. ಅಂದ್ರೆ ಕ್ರ್ಯಾಂಕ್‌ಕೇಸೇ ಪಂಪು. ಕ್ರ್ಯಾಂಕ್‌ನ ಎರಡು ಆಯಿಲ್ ಸೀಲು, ಸಿಲಿಂಡರ್ ಕೆಳಗಿನ ಪ್ಯಾಕಿಂಗು, ರೀಡ್ ಬ್ಲಾಕು (ಗಾಳಿನ ಒಳಗೆ ಮಾತ್ರ ಬಿಡೋ ವಾಲ್ವ್), ಇಂಟೇಕ್ ರಬ್ಬರು, ಎಲ್ಲಿ ಸೋರಿದ್ರೂ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಬರುತ್ತೆ, ಮಿಕ್ಸ್ಚರ್ ಲೀನ್ ಆಗುತ್ತೆ, ಅಂದ್ರೆ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ. ನಾನೇ ಒಂದ್ಸಲ ಎರಡು ವಾರ ಕೂತು ಜೆಟ್ ಏರಿಸಿದೆ ಇಳಿಸಿದೆ, ನಿನ್ನೆ ಸರಿ ಹೋದದ್ದು ಇವತ್ತು ಕೆಡೋದು, ಕೊನೆಗೆ ನೋಡಿದ್ರೆ ಇಂಟೇಕ್ ರಬ್ಬರಲ್ಲಿ ಕೂದಲೆಳೆಯಷ್ಟು ಸೀಳು, ಕೈಯಲ್ಲಿ ಬಗ್ಗಿಸಿದಾಗ ಮಾತ್ರ ಕಾಣೋದು. ಥ್ರಾಟಲ್ ಬಿಟ್ರೂ ಆರ್‌ಪಿಎಂ ಕೂಡ್ಲೆ ಇಳೀದೆ ಮೇಲೇ ನೇತಾಡ್ತಿದ್ರೆ, ಐಡ್ಲಿಂಗ್ ತಾನಾಗೇ ಏರಿಳೀತಿದ್ರೆ ಮೊದಲು ಇದನ್ನೇ ಅನುಮಾನಿಸಿ. ಏನೇನೋ ಸ್ಪ್ರೇ ಹೊಡೆದು ನೋಡೋರಿದಾರೆ, ಬಿಸಿ ಇಂಜಿನ್ ಮೇಲೆ ಬೆಂಕಿ ಹತ್ತೋ ವಸ್ತು ಸಿಂಪಡಿಸೋ ಧೈರ್ಯ ನಂಗಿಲ್ಲ. ಇಂಟೇಕ್ ಒಂದು ಕಡೆ ಎಕ್ಸಾಸ್ಟ್ ಒಂದು ಕಡೆ ಮುಚ್ಚಿ, ಕೈಪಂಪಲ್ಲಿ 5-6 ಪಿಎಸ್‌ಐ ತುಂಬಿ ಸೋಪಿನ ನೀರು ಹಚ್ಚಿ, ಗುಳ್ಳೆ ಎಲ್ಲಿ ಬರುತ್ತೋ ಅಲ್ಲೇ ಕಳ್ಳ. ಅದಕ್ಕಿಂತ ಜಾಸ್ತಿ ತುಂಬಿದ್ರೆ ಸೀಲೇ ಎದ್ದು ಬಂದ್ಬಿಡಬಹುದು. ಕೆಲವು ನಿಮಿಷ ಪ್ರೆಶರ್ ನಿಲ್ಬೇಕು, ನಿಲ್ಲದ ಇಂಜಿನ್ನಿಗೆ ಟ್ಯೂನಿಂಗ್ ಅನ್ನೋದೇ ಇಲ್ಲ.

ಇಷ್ಟು ಆದ್ಮೇಲೆ ಕಾರ್ಬೊರೇಟರ್ ಮುಟ್ಟಿ. ಹ್ಯಾಂಡಲ್ ಹಿಡಿ ಮೇಲೆ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಅಂತ ಗುರುತು ಹಾಕ್ಕೊಳ್ಳಿ. ತೊಂದರೆ ಯಾವ ಗುರುತಲ್ಲಿ ಬರುತ್ತೋ ಅದಕ್ಕೆ ಸಂಬಂಧಪಟ್ಟಿದ್ದನ್ನ ಮಾತ್ರ ಬದಲಾಯಿಸ್ಬೇಕು, ಐಡ್ಲಿಂಗ್ ಹತ್ತಿರ ಪೈಲಟ್ ಜೆಟ್ಟು, ಕಾಲಿಂದ ಮುಕ್ಕಾಲು ತನಕ ಸೂಜಿ, ಅದರ ಮೇಲೆ ಮೇನ್ ಜೆಟ್ಟು. ಅರ್ಧ ಥ್ರಾಟಲ್‌ನಲ್ಲಿ ಮುಗ್ಗರಿಸೋ ಗಾಡಿಗೆ ಮೇನ್ ಜೆಟ್ ಬದಲಾಯಿಸಿ ಏನೂ ಆಗ್ಲಿಲ್ಲ ಅನ್ನೋರು ಎಷ್ಟು ಜನ ಅಂತೀರ. ಸೂಜಿ ಕ್ಲಿಪ್ ಮೇಲಿನ ಕಚ್ಚಿಗೆ ಹಾಕಿದ್ರೆ ಸೂಜಿ ಕೆಳಗಿಳಿದು ಲೀನ್ ಆಗುತ್ತೆ, ಕೆಳಗಿನ ಕಚ್ಚಿಗೆ ಹಾಕಿದ್ರೆ ರಿಚ್ (ಪೆಟ್ರೋಲ್ ಜಾಸ್ತಿ), ಇದನ್ನ ತಿರುವುಮುರುವು ನೆನಪಿಟ್ಕೊಂಡು ಪಿಸ್ಟನ್ ಸುಟ್ಟೋರಿದಾರೆ.

ಮೇನ್ ಜೆಟ್ ಯಾವಾಗ್ಲೂ ದೊಡ್ಡದ್ರಿಂದ ಶುರು ಮಾಡಿ ಇಳಿಸ್ತಾ ಬನ್ನಿ, ಚಿಕ್ಕದ್ರಿಂದ ಏರಿಸ್ಬೇಡಿ. ರಿಚ್ ಇದ್ರೆ ಗೊಳಗೊಳ ಅನ್ನುತ್ತೆ, ಪ್ಲಗ್ ಒದ್ದೆ ಆಗುತ್ತೆ ಅಷ್ಟೇ. ಲೀನ್ ಇದ್ರೆ ಇನ್ನೇನು ಸೂಪರ್ ಓಡ್ತಿದೆ ಅಂತ ಖುಷಿ ಪಡೋ ಹೊತ್ತಿಗೇ ಸೀಜ್ ಆಗಿರುತ್ತೆ, ಅಂದ್ರೆ ಪಿಸ್ಟನ್ ಸಿಲಿಂಡರಲ್ಲಿ ಕಚ್ಚಿಕೊಂಡಿರುತ್ತೆ. ಗೊಳಗೊಳ ನಿಂತು ಕ್ಲೀನಾಗಿ ಎಳೆಯೋ ಜೆಟ್ ಸಿಕ್ಕಿದ್ಮೇಲೆ ಒಂದು ನಂಬರ್ ವಾಪಸ್ ಏರಿಸಿ ಬಿಡಿ. ಅನುಮಾನ ಇದ್ರೆ ಏರ್ ಫಿಲ್ಟರ್ ಡಬ್ಬದ ಬಾಯಿಗೆ ಸ್ವಲ್ಪ ಟೇಪ್ ಹಚ್ಚಿ ಓಡಿಸಿ, ಸುಧಾರಿಸಿದ್ರೆ ಲೀನ್ ಇತ್ತು, ಇನ್ನೂ ಹದಗೆಟ್ರೆ ರಿಚ್ ಇತ್ತು. ಫುಲ್‌ನಿಂದ ಸ್ವಲ್ಪವೇ ಥ್ರಾಟಲ್ ಬಿಟ್ಟಾಗ ಗಾಡಿ ಇನ್ನೂ ಜೋರಾಗಿ ಎಳೆದ್ರೂ ಮೇನ್ ಜೆಟ್ ಚಿಕ್ಕದು ಅಂತಾನೇ ಲೆಕ್ಕ.

ಪ್ಲಗ್ ನೋಡಿ ಹೇಳೋದಾದ್ರೆ ಹೊಸ ಪ್ಲಗ್ ಹಾಕಿ, ಫುಲ್ ಥ್ರಾಟಲ್‌ನಲ್ಲಿ ಓಡಿಸಿ, ಥ್ರಾಟಲ್ ಬಿಡದೇ ಇಗ್ನಿಷನ್ ಆಫ್ ಮಾಡಿ, ಬಿಚ್ಚಿ ಪಿಂಗಾಣಿಯ ಬುಡದ ಬಣ್ಣ ನೋಡ್ಬೇಕು. ಮನೆ ತನಕ ನಿಧಾನ ಓಡಿಸ್ಕೊಂಡು ಬಂದು ಬಿಚ್ಚಿದ ಪ್ಲಗ್ ಬರೀ ಐಡ್ಲಿಂಗ್ ಕಥೆ ಹೇಳುತ್ತೆ. ಹಾಂ, ಓಡ್ತಿರೋವಾಗ ಕೀ ತಿರುಗಿಸ್ಬೇಡಿ, ಹ್ಯಾಂಡಲ್ ಲಾಕ್ ಕಡೆ ಹೋದ್ರೆ ಮುಗೀತು ಕಥೆ, ಒಂದು ಕಿಲ್ ಸ್ವಿಚ್ ಹಾಕ್ಸಿ.

ಇನ್ನೊಂದು, ಸೇಫ್ಟಿಗೆ ಇರ್ಲಿ ಅಂತ ಆಯಿಲ್ ಜಾಸ್ತಿ ಬೆರೆಸೋ ಅಭ್ಯಾಸ. 2 ಪರ್ಸೆಂಟ್ ಇದ್ದದ್ದು 4 ಮಾಡಿದ್ರೆ ಅದೇ ಜೆಟ್ಟಲ್ಲಿ ಆಯಿಲ್ ಹೋಗೋ ಜಾಗದಷ್ಟು ಪೆಟ್ರೋಲ್ ಕಮ್ಮಿ ಹೋಗುತ್ತೆ, ಅಂದ್ರೆ ಲೀನ್ ಕಡೆಗೇ ಹೋದ್ರಿ. ಆಯಿಲ್ ಬದಲಾಯಿಸಿದ್ರೆ ಜೆಟ್ ಮತ್ತೆ ನೋಡಿ. ಚಳಿಗಾಲದಲ್ಲೂ ಅಷ್ಟೇ, ತಣ್ಣನೆ ಗಾಳಿ ದಟ್ಟ ಇರುತ್ತೆ, ಬಿಸಿಲಲ್ಲಿ ಸರಿ ಇದ್ದ ಜೆಟ್ ಬೆಳಗಿನ ಜಾವ ಚಿಕ್ಕದಾಗುತ್ತೆ.

ಅಷ್ಟರಲ್ಲಿ ಸೀಜ್ ಆಗೇ ಹೋದ್ರೆ, ಪಿಸ್ಟನ್ ಎಸೀಬೇಡಿ, ಕಿಟಕಿ ಹತ್ರ ಹಿಡಿದು ನೋಡಿ. ಗೀರು ಎಕ್ಸಾಸ್ಟ್ ಕಡೆ ಮಾತ್ರ ಇದ್ರೆ ಲೀನ್ ಅಥವಾ ಅತಿ ಬಿಸಿ. ನಾಲ್ಕೂ ಮೂಲೆಗೆ ಸಮನಾಗಿ ಇದ್ರೆ ಇಂಜಿನ್ ಬಿಸಿ ಆಗೋಕೆ ಬಿಡದೇ ಚಚ್ಚಿದ್ದೀರ. ಇಂಟೇಕ್ ಕಡೆನೂ ಇದ್ರೆ ಆಯಿಲ್ ತಲುಪಿಲ್ಲ, ಪಂಪ್ ಪೈಪಲ್ಲಿ ಗಾಳಿ ಗುಳ್ಳೆ ಇದ್ಯಾ ನೋಡಿ. ತಲೆ ಮಧ್ಯೆ ಕರಗಿ ತೂತಾಗಿದ್ರೆ ಇಗ್ನಿಷನ್ ಟೈಮಿಂಗು ಮತ್ತೆ ಪ್ಲಗ್ಗಿನ ಹೀಟ್ ನಂಬರ್ (ಪ್ಲಗ್ ಎಷ್ಟು ಬಿಸಿ ಹೊರಗೆ ಬಿಡುತ್ತೆ ಅನ್ನೋದರ ಗುರುತು) ಪರೀಕ್ಷಿಸಿ, ಎನ್‌ಜಿಕೆಯಲ್ಲಿ ನಂಬರ್ ದೊಡ್ಡದಾದಷ್ಟೂ ಪ್ಲಗ್ ತಣ್ಣಗೆ, ಬಾಷ್‌ನಲ್ಲಿ ಉಲ್ಟಾ.