ಊದುಬತ್ತಿ ಹಚ್ಚಿದರೆ ಗಾಳಿಮಾಪಕದ ಪರೀಕ್ಷೆ ಆಗುವುದಿಲ್ಲ

ಹೊಸ ಗಾಳಿಮಾಪಕ (ಗಾಳಿಯ ಮಾಲಿನ್ಯ ಅಳೆಯುವ ಪುಟ್ಟ ಸಾಧನ) ತಂದವರು ಮೊದಲು ಅದರ ಮುಂದೆ ಊದುಬತ್ತಿ ಹಚ್ಚುತ್ತಾರೆ. ಪಿಎಂ 2.5, ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕೂ ಸಣ್ಣ ಕಣಗಳ ಅಂಕಿ, ಸರ್ರನೆ ಏರಿದರೆ ‘ಸರಿಯಾಗಿದೆ’ ಅಂತ ಗೋಡೆಗೆ ಹಾಕುತ್ತಾರೆ. ಇನ್ನು ಕೆಲವರು ಒಂದೇ ಮಾದರಿಯ ಎರಡನ್ನು ಪಕ್ಕಪಕ್ಕ ಇಟ್ಟು, ಅಂಕಿ ಹೊಂದಿದರೆ ನಿಖರ ಎನ್ನುತ್ತಾರೆ. ಊದುಬತ್ತಿಯಿಂದ ತಿಳಿಯುವುದು ಸೆನ್ಸರ್ ಸತ್ತಿಲ್ಲ ಎಂದಷ್ಟೇ. ಎರಡರ ಅಂಕಿ ಹೊಂದಿದರೂ, ಎರಡೂ ಒಂದೇ ಥರ ತಪ್ಪುತ್ತಿರಬಹುದು.

ಈ ಅಗ್ಗದ ಸೆನ್ಸರ್‌ಗಳು ಕಣವನ್ನು ತೂಗುವುದಿಲ್ಲ. ಲೇಸರ್ ಬೆಳಕು ಕಣಕ್ಕೆ ತಾಗಿ ಚದುರಿದ್ದನ್ನು ನೋಡಿ ತೂಕವನ್ನು ಅಂದಾಜು ಮಾಡುತ್ತವೆ. ಬೆಳಗಿನ ಮಂಜಿನಲ್ಲಿ ಕಣಗಳು ನೀರು ಹೀರಿ ಉಬ್ಬುತ್ತವೆ, ಅಂಕಿಯೂ ಉಬ್ಬುತ್ತದೆ; ಬಿಸಿಲೇರಿದಂತೆ ಇಳಿಯುತ್ತದೆ. ಸರ್ಕಾರಿ ವಾಯುಮಾಲಿನ್ಯ ಮಾಪನ ಕೇಂದ್ರಗಳ ಬೀಟಾ ಕಿರಣದ ಮಾಪಕ (ಕಣಗಳು ಕಿರಣವನ್ನು ಎಷ್ಟು ತಡೆದವು ಎಂದು ನೋಡಿ ತೂಕ ತಿಳಿಯುವ ಯಂತ್ರ) ಒಳಬರುವ ಗಾಳಿಯನ್ನು ಬಿಸಿ ಮಾಡಿ ತೇವ ತಗ್ಗಿಸಿಯೇ ಅಳೆಯುತ್ತದೆ. ಹಾಗಾಗಿ ಹೋಲಿಕೆ ಅಂಥದ್ದರ ಪಕ್ಕದಲ್ಲೇ ಆಗಬೇಕು.

ಅನುಮತಿ ಪಡೆದು, ಒಂದೇ ಮಾದರಿಯ ಕನಿಷ್ಠ ಮೂರು ಮಾಪಕಗಳನ್ನು ಕೇಂದ್ರದ ಗಾಳಿ ಎಳೆಯುವ ಕೊಳವೆಯಿಂದ ಕೆಲವೇ ಮೀಟರ್ ದೂರದಲ್ಲಿ, ಅದೇ ಎತ್ತರದಲ್ಲಿ ಇಡಿ. ಎಸಿ ಹೊರಘಟಕ, ಅಡುಗೆಮನೆ ಚಿಮಣಿ ಹತ್ತಿರ ಬೇಡ. 30 ದಿನ ಬಿಡಿ. ಮಳೆಗಾಲದಲ್ಲೊಮ್ಮೆ, ಒಣ ಹವೆಯಲ್ಲೊಮ್ಮೆ. ಗಡಿಯಾರ ನೋಡಿಕೊಳ್ಳಿ: ಹಲವು ಮಾಪಕಗಳು ನಮ್ಮ ಸಮಯವನ್ನಲ್ಲ, ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯವನ್ನು ದಾಖಲಿಸುತ್ತವೆ. ಐದೂವರೆ ಗಂಟೆ ಕೂಡಿಸದಿದ್ದರೆ ಒಳ್ಳೆಯ ಸೆನ್ಸರ್ ಕೂಡ ಕೆಟ್ಟದ್ದಾಗಿ ಕಾಣುತ್ತದೆ.

ಎಷ್ಟು ಹೇಳಿದರೂ ಜನರ ತಲೆಗೆ ಹೋಗದ ಮಾತು ಇದು. ವರದಿಯಲ್ಲಿ ಆರ್-ಸ್ಕ್ವೇರ್ (ಮಾಪಕ ಮತ್ತು ಕೇಂದ್ರದ ಅಂಕಿಗಳ ಹೊಂದಾಣಿಕೆಗೆ 0ಯಿಂದ 1ರವರೆಗೆ ಕೊಡುವ ಅಂಕ) 0.95 ಕಂಡರೆ ಸಾಕು, 95% ನಿಖರ ಎಂದುಕೊಳ್ಳುತ್ತಾರೆ. ಹಾಗಲ್ಲ. ಕೇಂದ್ರ ಮೂರು ದಿನ 20, 35, 50 ತೋರಿಸಿ, ನಿಮ್ಮದು 40, 70, 100 ತೋರಿಸಿತು ಅನ್ನಿ. ಆರ್-ಸ್ಕ್ವೇರ್ ಪೂರ್ತಿ 1 ಬರುತ್ತದೆ, ಮೂರು ದಿನವೂ ಅಂಕಿ ದುಪ್ಪಟ್ಟು! ನಮ್ಮ ದೇಶದಲ್ಲಿ ಪಿಎಂ 2.5ಕ್ಕೆ 24 ಗಂಟೆಯ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ಎರಡನೇ ದಿನ ಗಾಳಿ ಮಿತಿಯೊಳಗಿತ್ತು. ಆದರೆ 70 ತೋರಿಸಿದ ನಿಮ್ಮ ಮಾಪಕವನ್ನು ನಂಬಿದ ಶಾಲೆ ಮಕ್ಕಳನ್ನು ಆಟಕ್ಕೇ ಬಿಡುವುದಿಲ್ಲ. ಆರ್-ಸ್ಕ್ವೇರ್ ಹೇಳುವುದು ಎರಡೂ ಜೊತೆಯಾಗಿ ಏರಿಳಿಯುತ್ತವೆಯೇ ಎಂದು ಮಾತ್ರ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2021ರ ಮಾರ್ಗಸೂಚಿ ಅದಕ್ಕೇ ಆರ್-ಸ್ಕ್ವೇರ್ 0.70 ದಾಟಿದರೆ ಸಾಲದು, ಎರಡರ ಅಂಕಿ ಹೋಲಿಸಿ ಎಳೆದ ರೇಖೆಯ ಇಳಿಜಾರು (ಕೇಂದ್ರದ ಅಂಕಿ ಒಂದು ಏರಿದರೆ ಮಾಪಕದ್ದು ಎಷ್ಟು ಏರುತ್ತದೆ ಎಂಬುದು) 0.65ರಿಂದ 1.35ರೊಳಗೆ, ಆರಂಭದ ವ್ಯತ್ಯಾಸ (ಕೇಂದ್ರದ ಅಂಕಿ ಸೊನ್ನೆ ಇರುವಲ್ಲಿ ಆ ರೇಖೆ ತೋರಿಸುವ ಅಂಕಿ) ಸೊನ್ನೆಯಿಂದ ಆಚೀಚೆ 5 ಮೈಕ್ರೋಗ್ರಾಂ ಒಳಗೆ ಇರಬೇಕು ಎನ್ನುತ್ತದೆ. ದೋಷದ ಪ್ರಮಾಣಕ್ಕೂ ಪ್ರತ್ಯೇಕ ಮಿತಿ ಇದೆ.

ದುಪ್ಪಟ್ಟು ತೋರಿಸುವ ಮಾಪಕವನ್ನು ಎಸೆಯಬೇಕಿಲ್ಲ, ಸ್ಥಿರವಾಗಿ ತಪ್ಪುವುದನ್ನು ಲೆಕ್ಕದಲ್ಲಿ ತಿದ್ದಬಹುದು. ಆದರೆ ಪರ್ಪಲ್‌ಏರ್ ಎಂಬ ಕಂಪನಿಯ ಮಾಪಕಕ್ಕೆ ಅಮೆರಿಕದಲ್ಲಿ ಕಂಡುಕೊಂಡ ತಿದ್ದುವ ಸೂತ್ರವನ್ನು ಬೆಂಗಳೂರಿನ ಧೂಳಿಗೆ ಹಾಗೆಯೇ ಅಂಟಿಸಬೇಡಿ. ಅದು ಅಲ್ಲಿನ ಹೊಗೆ, ಅಲ್ಲಿನ ತೇವಾಂಶದ ಲೆಕ್ಕ. ಪಿಎಂ 10 (10 ಮೈಕ್ರಾನ್ ಗಾತ್ರದವರೆಗಿನ ಕಣಗಳ) ಅಂಕಿಯನ್ನಂತೂ, ಪ್ಲಾಂಟವರ್‌ನಂಥ ಸೆನ್ಸರ್‌ಗಳಲ್ಲಿ, ನಂಬಲೇಬೇಡಿ. ದಪ್ಪ ಧೂಳು ಅವಕ್ಕೆ ಸರಿಯಾಗಿ ಕಾಣುವುದೇ ಇಲ್ಲ.

ಆರು ತಿಂಗಳಿಗೊಮ್ಮೆ ಇಳಿಸಿ ಮತ್ತೆ ಕೇಂದ್ರದ ಪಕ್ಕ ಇಡಿ. ಇಳಿಸಿದಾಗ ಗಾಳಿಯ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ, ಅಲ್ಲಿ ಜೇಡ ಬಲೆ ಕಟ್ಟಿರುತ್ತದೆ.