11 ಇಂಚಿನ ಆಸ್ಕರ್ ಮೀನನ್ನು ಕಾರಿನಲ್ಲಿ ಆಗುಂಬೆ ಘಾಟಿ ಇಳಿಸಬಹುದೇ?

ಪ್ರಶ್ನೆ: ನಾವು ಶಿವಮೊಗ್ಗದಿಂದ ಉಡುಪಿಗೆ ಮನೆ ಬದಲಾಯಿಸುತ್ತಿದ್ದೇವೆ. 4 ವರ್ಷದಿಂದ ಸಾಕಿದ ಆಸ್ಕರ್ ಮೀನೊಂದಿದೆ, 11 ಇಂಚು ಬೆಳೆದಿದೆ. ಘಾಟಿಯ ಕುಲುಕಾಟಕ್ಕೆ ಸತ್ತೇ ಹೋಗುತ್ತದೆ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಧೈರ್ಯವಾಗಿ ಕರೆದುಕೊಂಡು ಹೋಗಿ. ಆಗುಂಬೆಯ 14 ತಿರುವುಗಳಿಗೆ ನೀವು ಹೆದರುವಷ್ಟು ಮೀನು ಹೆದರುವುದಿಲ್ಲ. ದೊಡ್ಡ ಮೀನು ಪ್ರಯಾಣದಲ್ಲಿ ಸಾಯುವುದು ಹೆಚ್ಚಾಗಿ ತನ್ನದೇ ಹೊಲಸಿನಿಂದ. ಅದಕ್ಕೇ ಕೆಲಸ ಹೊರಡುವ ದಿನ ಅಲ್ಲ, ಎರಡು ದಿನ ಮೊದಲೇ ಶುರುವಾಗಬೇಕು.

ಆಗಿನಿಂದಲೇ ಊಟ ನಿಲ್ಲಿಸಿ. ಅದು ಗಾಜಿನ ಹತ್ತಿರ ಬಂದು ನಿಮ್ಮನ್ನೇ ನೋಡುತ್ತದೆ, ಕರುಳು ಚುರುಕ್ ಎನ್ನುತ್ತದೆ, ಗೊತ್ತು. ಆದರೂ ಹಾಕಬೇಡಿ. ಇಷ್ಟು ದೊಡ್ಡ, ಆರೋಗ್ಯವಾದ ಮೀನು ಎರಡು ಮೂರು ದಿನದ ಉಪವಾಸ ಸುಲಭವಾಗಿ ತಡೆದುಕೊಳ್ಳುತ್ತದೆ. ಹೊಟ್ಟೆ ಖಾಲಿ ಇದ್ದರೆ ದಾರಿಯಲ್ಲಿ ನೀರು ಕೆಡುವುದು ಎಷ್ಟೋ ಕಡಿಮೆ.

ಸಾಮಾನಿನ ಗಾಡಿಯನ್ನು ಒಂದು ದಿನ ಮುಂಚೆ ಕಳಿಸಿಬಿಡಿ. ಖಾಲಿ ಟ್ಯಾಂಕ್ ಅದರಲ್ಲಿ ಹೋಗಲಿ. ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ. ಅರ್ಧ ನೀರಿಟ್ಟುಕೊಂಡೇ ಎತ್ತಿದರೂ ಟ್ಯಾಂಕಿನ ಅಂಟು ಬಿಟ್ಟುಕೊಳ್ಳುತ್ತದೆ. ಮೀನು ಆ ಒಂದು ದಿನ ಹಳೆ ಮನೆಯಲ್ಲೇ, ದೊಡ್ಡ ಡ್ರಮ್ಮಿನಲ್ಲಿ, ಅದೇ ಹಳೆ ನೀರು ಮತ್ತು ಅದೇ ಫಿಲ್ಟರ್ ಜೊತೆ ಇರಲಿ. ಡ್ರಮ್ಮಿನ ಬಾಯಿ ಮುಚ್ಚಿಡಿ, ಹಾರುತ್ತದೆ. ಉಡುಪಿಯಲ್ಲಿ ಯಾರಾದರೂ ಟ್ಯಾಂಕಿಗೆ ನೀರು ತುಂಬಿ ಏರ್ ಪಂಪ್ ಓಡಿಸುತ್ತಿರಲಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಆಂಟಿ ಕ್ಲೋರಿನ್ ಔಷಧಿ ಹಾಕಬೇಕು. ಬಾವಿ ನೀರಿಗೆ ಕ್ಲೋರಿನ್ ಭಯವಿಲ್ಲ, ಆದರೆ ಆಗತಾನೆ ಸೇದಿದ ನೀರಿನಲ್ಲಿ ಆಕ್ಸಿಜನ್ ಕಡಿಮೆ ಇರುತ್ತದೆ. ಒಂದು ರಾತ್ರಿ ಗಾಳಿ ಆಡಿದರೆ ಸಾಕು.

ಈಗ ಹಿಡಿಯುವ ಕೆಲಸ. ಬಲೆಯಲ್ಲಿ ಎತ್ತಬೇಡಿ. ಮೈಮೇಲಿನ ಲೋಳೆಯೇ ಮೀನಿಗೆ ರಕ್ಷಣೆ. ಬಲೆ ಉಜ್ಜಿದರೆ ಅದೂ ಹೋಗುತ್ತದೆ, ಹುರುಪೆಯೂ ಕೀಳುತ್ತದೆ. ಅಂಗಡಿಯವರು ಮೀನು ಪ್ಯಾಕ್ ಮಾಡುವ ದೊಡ್ಡ ಪ್ಲಾಸ್ಟಿಕ್ ಚೀಲವನ್ನು ನೀರೊಳಗೇ ಬಾಯಿ ತೆರೆದು ಹಿಡಿಯಿರಿ. ಹಿಂದಿನಿಂದ ಕೈಯಿಂದ ಮೆಲ್ಲಗೆ ನೂಕಿ. ನೀರಿನ ಸಮೇತ, ತಳಕ್ಕೆ ಕೈ ಕೊಟ್ಟು ಎತ್ತಿ. ಒಂದರೊಳಗೊಂದು ಎರಡು ಚೀಲ ಇರಲಿ. ಮೂರರಲ್ಲಿ ಒಂದು ಪಾಲು ನೀರು, ಉಳಿದದ್ದು ಆಕ್ಸಿಜನ್. ಮೀನಿನ ಬೆನ್ನು ಮುಳುಗಬೇಕು, ಮೈ ಬಾಗಬಾರದು. ಸಿಲಿಂಡರ್ ಇಟ್ಟಿರುವ ಅಕ್ವೇರಿಯಂ ಅಂಗಡಿಯವರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಮುಳ್ಳಿರುವ ಕ್ಯಾಟ್‌ಫಿಶ್ ಸಾಕುವವರಿಗೆ ಈ ಚೀಲ ಆಗುವುದಿಲ್ಲ, ತೂತಾಗುತ್ತದೆ. ಅವರಿಗೆ ಮುಚ್ಚಳವಿರುವ ದೊಡ್ಡ ಡಬ್ಬ ಮತ್ತು ಬ್ಯಾಟರಿ ಏರ್ ಪಂಪೇ ಸರಿ.

ಚೀಲವನ್ನು ಥರ್ಮೋಕೋಲ್ ಬಾಕ್ಸಿನಲ್ಲಿಟ್ಟು ಮುಚ್ಚಿ. ಕತ್ತಲಲ್ಲಿ ಮೀನು ಸುಮ್ಮನಿರುತ್ತದೆ. ಬಾಕ್ಸನ್ನು ಕಾರಿನಲ್ಲಿ ಅಡ್ಡಕ್ಕೆ ಇಡಿ, ಅಂದರೆ ಮೀನಿನ ತಲೆ ಬಾಗಿಲ ಕಡೆ ಬರಬೇಕು. ಉದ್ದಕ್ಕೆ ಇಟ್ಟರೆ ಘಾಟಿಯಲ್ಲಿ ಪ್ರತಿ ಬ್ರೇಕಿಗೂ ಮೂತಿ ಹೋಗಿ ಗುದ್ದುತ್ತದೆ.

ಬೆಳಿಗ್ಗೆ ಬೇಗ ಹೊರಡಿ. 20 ಡಿಗ್ರಿ ನೀರು ಒಂದು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಕ್ಸಿಜನ್ ಹಿಡಿದಿಟ್ಟುಕೊಂಡರೆ, 30 ಡಿಗ್ರಿಗೆ ಅದು ಸುಮಾರು ಏಳೂವರೆಗೆ ಇಳಿಯುತ್ತದೆ. ಬಿಸಿಲಲ್ಲಿ ಕಾರು ನಿಲ್ಲಿಸಿ ತೀರ್ಥಹಳ್ಳಿಯಲ್ಲಿ ತಿಂಡಿಗೆ ಹೋಗುವುದು ಬೇಡ. ಎಸಿ ಕೂಡ ಚಳಿ ಹಿಡಿಸುವಷ್ಟು ಬೇಡ, ಆಸ್ಕರ್ ಬೆಚ್ಚಗಿನ ನೀರಿನ ಮೀನು. ಮಳೆಗಾಲವಾದರೆ ಘಾಟಿಯಲ್ಲಿ ಮರ ಬಿದ್ದು ಗಂಟೆಗಟ್ಟಲೆ ನಿಲ್ಲಬೇಕಾಗಬಹುದು. ನಾಲ್ಕು ಗಂಟೆಯ ದಾರಿಗೆ ಎಂಟು ಗಂಟೆಯ ಲೆಕ್ಕ ಹಾಕಿಯೇ ಪ್ಯಾಕ್ ಮಾಡಿಸಿ.

ಫಿಲ್ಟರಿನ ಸ್ಪಾಂಜು ಕಾರಿನಲ್ಲೇ ಬರಲಿ. ಹಳೆ ನೀರಿನಲ್ಲಿ ಒದ್ದೆಯಾಗಿ, ಮುಚ್ಚಳ ಸಡಿಲ ಬಿಟ್ಟು. ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾ ಇರುವುದು ಅದರಲ್ಲೇ. ದಯವಿಟ್ಟು ನಲ್ಲಿ ನೀರಿನಲ್ಲಿ ತೊಳೆಯಬೇಡಿ. ಹಳೆ ಟ್ಯಾಂಕಿನ ನೀರು ಎರಡು ಮೂರು ಕ್ಯಾನ್ ತಂದು ಹೊಸ ನೀರಿಗೆ ಬೆರೆಸಿ.

ತಲುಪಿದ ಮೇಲಿನ ಅರ್ಧ ಗಂಟೆ ಎಲ್ಲಕ್ಕಿಂತ ಮುಖ್ಯ. ನಾನು ನನ್ನ ಫ್ಲವರ್‌ಹಾರ್ನ್ ಮೀನನ್ನು ಕಳೆದುಕೊಂಡಿದ್ದು ಇಲ್ಲೇ. ಚೀಲ ಬಿಚ್ಚಿ, ಹೊಸ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಒಂದು ಗಂಟೆ ಕೂತಿದ್ದೆ. ಒಳ್ಳೆಯದು ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಕಣ್ಣೆದುರೇ ಹೋಯಿತು. ಆಗಿದ್ದಿಷ್ಟು: ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಉಸಿರಿನ ಕಾರ್ಬನ್ ಡೈಆಕ್ಸೈಡ್ ಕೂಡ ಮುಚ್ಚಿದ ಚೀಲದಲ್ಲೇ ಉಳಿದು ನೀರಿಗೆ ಹುಳಿ ಗುಣ ಬರುತ್ತದೆ. ಆ ನೀರಿನಲ್ಲಿ ಅಮೋನಿಯಾದ ಹೆಚ್ಚಿನ ಪಾಲು ಅಷ್ಟೇನೂ ಕೆಡುಕು ಮಾಡದ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದಿರೋ, ಗಾಳಿ ತಾಗಿ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗುತ್ತದೆ, ಹುಳಿ ಇಳಿಯುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಹಾಗಾಗಿ ಕಟ್ಟಿದ ಚೀಲವನ್ನೇ ಟ್ಯಾಂಕಿನಲ್ಲಿ 20 ನಿಮಿಷ ತೇಲಿಬಿಡಿ. ಎರಡೂ ಕಡೆಯ ಬಿಸಿ ಸಮ ಆಗಲಿ. ಆಮೇಲೆ ಬಿಚ್ಚಿ, ತಡಮಾಡದೆ ಒದ್ದೆ ಕೈಯಲ್ಲಿ ಮೀನನ್ನು ಮಾತ್ರ ಟ್ಯಾಂಕಿಗೆ ಬಿಡಿ. ಚೀಲದ ನೀರು ಬಚ್ಚಲಿಗೆ.

ಇನ್ನೊಂದು ಮಾತು ಹೇಳಲೇಬೇಕು. ಸಾಗಿಸುವುದು ಕಷ್ಟ ಅಂತ ಕೆಲವರು ಮೀನನ್ನು ದಾರಿಯಲ್ಲಿ ತುಂಗೆಗೆ ಬಿಟ್ಟು ಕೈಮುಗಿದು ಬರುತ್ತಾರೆ. ಬೇಡ. ಆಸ್ಕರ್ ದಕ್ಷಿಣ ಅಮೆರಿಕದ ಮೀನು, ಸಣ್ಣ ಮೀನುಗಳನ್ನು ತಿಂದು ಬದುಕುವಂಥದ್ದು. ಶೃಂಗೇರಿಯಲ್ಲಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ ನಮ್ಮ ಜನ ದೇವರ ಮೀನು ಅಂತ ಕಾಪಾಡಿಕೊಂಡು ಬಂದಿರುವ ಹೊಳೆ ಅದು. ನಿಮ್ಮಿಂದ ಆಗದಿದ್ದರೆ ಸಾಕುವವರ ಕೈಗೆ ಕೊಡಿ.

ಹೊಸ ಮನೆಯಲ್ಲಿ ಮೊದಲ ದಿನ ಲೈಟ್ ಹಾಕಬೇಡಿ, ಊಟ ಕೊಡಬೇಡಿ. ಆಸ್ಕರ್ ಮುನಿಸಿಕೊಂಡವರ ಹಾಗೆ ತಳದಲ್ಲಿ ಒಂದು ಪಕ್ಕಕ್ಕೆ ವಾಲಿ ಮಲಗಬಹುದು. ನೋಡಿದವರಿಗೆ ಜೀವವೇ ಹೋಯಿತು ಅನ್ನಿಸುತ್ತದೆ. ಕಿವಿರು ಸಮವಾಗಿ ಆಡುತ್ತಿದ್ದರೆ ಅದರ ಪಾಡಿಗೆ ಬಿಟ್ಟುಬಿಡಿ. ಮರುದಿನ ಸಂಜೆ ನಾಲ್ಕೇ ನಾಲ್ಕು ಪೆಲೆಟ್ ಹಾಕಿ ನೋಡಿ.