ಒಪಿಜಿ ಇದೆಯಲ್ಲ, ಮತ್ತೆ ಸ್ಕ್ಯಾನ್ ಯಾಕೆ?

"ಎಕ್ಸ್-ರೇ ಆಗ್ಲೇ ತೆಗ್ಸಿದ್ದೀನಲ್ಲ ಡಾಕ್ಟ್ರೇ, ಮತ್ತೆ ಇನ್ನೊಂದ್ಯಾಕೆ?" ನಿವೃತ್ತ ಮೇಷ್ಟ್ರೊಬ್ಬರು ಒಪಿಜಿ (ಎರಡೂ ದವಡೆ ಒಟ್ಟಿಗೆ ಕಾಣುವ ಎಕ್ಸ್-ರೇ) ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದು ಕೇಳಿದರು. ಕೆಳಗಡೆ ಎಡಭಾಗದ ದವಡೆ ಹಲ್ಲು ಕೀಳಿಸಿ ಆರು ವರ್ಷ ಆಗಿತ್ತು. ಆ ಜಾಗಕ್ಕೆ ಇಂಪ್ಲಾಂಟ್, ಅಂದರೆ ಮೂಳೆಯೊಳಗೆ ಕೂರಿಸುವ ಕೃತಕ ಬೇರು, ಬೇಕಿತ್ತು. ಫಿಲ್ಮ್ ನೋಡಿದರೆ ಮೂಳೆ ಧಾರಾಳ. ಮೇಲಿನ ಅಂಚಿನಿಂದ ನರ ಹೋಗುವ ನಾಳದವರೆಗೆ ಸ್ಕೇಲ್ ಇಟ್ಟರೆ 16 ಮಿಲಿಮೀಟರ್.

ಆದರೆ ಒಪಿಜಿ ಅನ್ನೋದು ನೆರಳು. ಗೋಡೆ ಮೇಲಿನ ನೆರಳು ನೋಡಿ ಆಳಿನ ಎತ್ತರ ಅಂದಾಜು ಮಾಡಬಹುದು, ಹೊಟ್ಟೆ ಎಷ್ಟು ಮುಂದಿದೆ ಅಂತ ಗೊತ್ತಾಗುವುದಿಲ್ಲ. ಆ ಎತ್ತರವೂ ಪೂರ್ತಿ ನಿಜವಲ್ಲ. ಎಷ್ಟೋ ಸಲ ಕಾಲು ಭಾಗದಷ್ಟು ದೊಡ್ಡದಾಗಿ ಕಾಣುತ್ತದೆ. ಇನ್ನೊಂದು ವಿಷಯ. ಹಲ್ಲು ಕಿತ್ತ ಮೇಲೆ ಮೂಳೆಯಲ್ಲಿ ಜಾಸ್ತಿ ಕರಗುವುದು ದಪ್ಪ. ಒಂದು ವರ್ಷದೊಳಗೆ ಹೆಚ್ಚುಕಮ್ಮಿ ಅರ್ಧ ಹೋಗಿರುತ್ತದೆ. ಒಪಿಜಿ ಮುಚ್ಚಿಡುವುದು ಅದನ್ನೇ.

ಅದಕ್ಕೇ ನಾನು ಕೇಳಿದ್ದು ಸಿಬಿಸಿಟಿ, ಅಂದರೆ ದವಡೆಯ ತ್ರೀಡಿ ಸ್ಕ್ಯಾನ್. ಅದರ ಯಂತ್ರ ತಲೆಯ ಸುತ್ತ ತಿರುಗಿ, ಹತ್ತಿಪ್ಪತ್ತು ಸೆಕೆಂಡಿನಲ್ಲಿ ಕೆಲಸ ಮುಗಿಸುತ್ತದೆ. ಆಮೇಲೆ ಬಜ್ಜಿಗೆ ಬಾಳೆಕಾಯಿ ಹೆಚ್ಚಿದ ಹಾಗೆ ದವಡೆಯನ್ನು ತೆಳುವಾಗಿ ಹೆಚ್ಚಿ, ಒಂದೊಂದೇ ಹೋಳು ತೋರಿಸುತ್ತದೆ. ಮೇಷ್ಟ್ರನ್ನು ಪಕ್ಕ ಕೂರಿಸಿಕೊಂಡು ಮೌಸ್ ಉರುಳಿಸಿದೆ. ನಿಜವಾದ ಎತ್ತರ ಹನ್ನೆರಡೂವರೆ. ಮೇಲೆ ದಪ್ಪ 7 ಮಿಲಿಮೀಟರ್, ಸಾಕು. ಆದರೆ ಒಂಬತ್ತು ಮಿಲಿಮೀಟರ್ ಇಳಿಯುತ್ತಿದ್ದಂತೆ ನಾಲಿಗೆ ಕಡೆಯ ಮೂಳೆ ಬಾವಿಕಟ್ಟೆ ಕುಸಿದ ಹಾಗೆ ಒಳಕ್ಕೆ ಹೋಗಿಬಿಟ್ಟಿತ್ತು. ಒಪಿಜಿ ನಂಬಿ ಉದ್ದದ ಇಂಪ್ಲಾಂಟ್ ಕೊರೆದಿದ್ದರೆ ಡ್ರಿಲ್ ಆ ಪಕ್ಕದಿಂದ ಆಚೆ ಬರುತ್ತಿತ್ತು. ನಾಲಿಗೆ ಕೆಳಗಿನ ರಕ್ತನಾಳ ಹರಿದರೆ ಬಾಯಿಯ ತಳ ಊದಿಕೊಂಡು ಉಸಿರಿಗೇ ಅಡ್ಡ ಬರಬಹುದು. ಅಪರೂಪ, ಆದರೆ ತಮಾಷೆಯಲ್ಲ.

"ಅಂದ್ರೆ ಇದು ಮಾರ್ಜಿನ್ ಇಲ್ದೇ ಇರೋ ಪೇಜು," ಅಂದರು ಮೇಷ್ಟ್ರು. 4 ಮಿಲಿಮೀಟರ್ ಅಗಲ, 8 ಉದ್ದದ್ದನ್ನು ಹಾಕಿದೆವು.

ಪ್ಲಾನ್ ಮಾಡುವಾಗ ನಾನು ಮೂಳೆಯಿಂದ ಶುರು ಮಾಡುವುದಿಲ್ಲ. ಮೊದಲು ಬರಬೇಕಾದ ಹಲ್ಲನ್ನು ಸ್ಕ್ರೀನ್ ಮೇಲೆ ಕೂರಿಸುತ್ತೇನೆ, ಆಮೇಲೆ ಅದರ ಕೆಳಗೆ ಇಂಪ್ಲಾಂಟ್. ಮೂಳೆ ಚೆನ್ನಾಗಿದೆ ಅಂತ ಸಿಕ್ಕಲ್ಲಿ ನೆಟ್ಟರೆ ಹಲ್ಲು ಕೆನ್ನೆ ಕಚ್ಚುವ ಕಡೆ ಬಂದು ಕೂರುತ್ತದೆ. ನರದಿಂದ 2, ಪಕ್ಕದ ಹಲ್ಲಿನಿಂದ ಒಂದೂವರೆ ಮಿಲಿಮೀಟರ್ ದೂರ ಬಿಡುವುದು ರೂಢಿ. ಸ್ಕ್ಯಾನ್ ನೋಡಿ ಪ್ರಿಂಟ್ ಮಾಡಿದ ಗೈಡ್ (ಡ್ರಿಲ್‌ಗೆ ದಾರಿ ತೋರಿಸುವ ಅಚ್ಚು) ಇಟ್ಟು ಕೊರೆದರೂ ಸರಾಸರಿ ಒಂದು ಮಿಲಿಮೀಟರ್‌ನಷ್ಟು ಆಚೀಚೆ ಆಗುತ್ತದೆ. ಆ 2 ಮಿಲಿಮೀಟರ್ ಸುಮ್ನೆ ಬಿಟ್ಟಿದ್ದಲ್ಲ.

ಸ್ಕ್ಯಾನ್ ಎಲ್ಲವನ್ನೂ ಹೇಳುವುದಿಲ್ಲ. ಪಕ್ಕದಲ್ಲಿ ಲೋಹದ ಕ್ಯಾಪ್ ಇದ್ದರೆ ಚಿತ್ರದ ತುಂಬ ಗೆರೆ. ರೋಗಿ ಅಲ್ಲಾಡಿದರೆ ಮಸುಕು. ಮೂಳೆ ಗಟ್ಟಿಯೋ ಮೆತ್ತಗೋ ಅನ್ನೋದನ್ನು ಸಿಬಿಸಿಟಿಯ ಬೂದು ಬಣ್ಣ ನೋಡಿ ನಾನು ನಂಬುವುದಿಲ್ಲ. ಅದು ಡ್ರಿಲ್ ಹಿಡಿದ ಕೈಗೇ ತಿಳಿಯಬೇಕು.

ವಿಕಿರಣದ ಭಯ ಎಲ್ಲರಿಗೂ ಇದೆ, ಇರಲಿ. ಸಿಬಿಸಿಟಿಯಲ್ಲಿ ಅದು ಒಪಿಜಿಗಿಂತ ಜಾಸ್ತಿ, ಆಸ್ಪತ್ರೆಯ ಮಾಮೂಲಿ ಸಿಟಿ ಸ್ಕ್ಯಾನ್‌ಗಿಂತ ಸಾಧಾರಣವಾಗಿ ಕಡಿಮೆ. ಒಂದು ಹಲ್ಲಿನ ಜಾಗಕ್ಕೆ ಎರಡೂ ದವಡೆಯ ಸ್ಕ್ಯಾನ್ ಬರೆದುಕೊಟ್ಟಿದ್ದರೆ "ಚಿಕ್ಕ ಜಾಗದ್ದು ಸಾಕಾಗಲ್ವಾ?" ಅಂತ ಕೇಳಿ, ತಪ್ಪೇನಿಲ್ಲ.

ಸ್ಕ್ಯಾನ್ ಸೆಂಟರ್‌ನಿಂದ ಬರುವಾಗ ಹೊಳೆಯುವ ಪ್ರಿಂಟ್ ಮಾತ್ರ ಹಿಡಿದುಕೊಂಡು ಬರಬೇಡಿ. ಅದರಲ್ಲಿರುವುದು ಅವರು ಆರಿಸಿದ ನಾಲ್ಕಾರು ಹೋಳು ಅಷ್ಟೆ. ಸಿಡಿನೋ, ಪೆನ್‌ಡ್ರೈವೋ, ಪೂರ್ತಿ ಫೈಲ್ ಕೇಳಿ ತನ್ನಿ.